ಕಮ್ಮಾರನ ಜೋಡಿ ತಿದಿ



ಹೊಸಪೇಟೆಯಿಂದ ಬಳ್ಳಾರಿಗೆ ಹೋಗುವ ರೈಲುದಾರಿಯಲ್ಲಿ ಗಾದಿಗನೂರು ಎಂಬ ಸಣ್ಣ ನಿಲ್ದಾಣವೊಂದುಂಟು. ದಕ್ಷಿಣಕ್ಕೆ ಮುಖಮಾಡಿ ನಿಂತರೆ ಸಂಡೂರಿನ ಗುಡ್ಡಸಾಲು ಕಾಣುತ್ತದೆ. ಅದರ ಒಡಲೆಲ್ಲ ಕಬ್ಬಿಣದ ಅದಿರು. ಪೂರ್ವಕ್ಕೆ ತೋರಣಗಲ್ಲಿನ ಉಕ್ಕಿನ ಕಾರ್ಖಾನೆ. ಅಲ್ಲಿಯ ಊದುಕುಲುಮೆಗಳಿಗೆ ಸಾವಿರ ಡಿಗ್ರಿಗೂ ಮೀರಿ ಕಾಯಿಸಿದ ಗಾಳಿಯನ್ನು ಮಹಾಯಂತ್ರಗಳು ಹಗಲಿರುಳು ತಳ್ಳುತ್ತಿರುತ್ತವೆ. ಇಂತಹ ನೆರೆಹೊರೆಯಲ್ಲಿ, ಬಯಲಿನ ಬೇವಿನ ಮರದ ಕೆಳಗೆ ಕುಳಿತು, ಎರಡು ಜೊತೆ ಹಲಗೆಗಳಿಗೆ ಮೇಕೆಯ ತೊಗಲು ಬಿಗಿದು, ಕೈಯಿಂದ ಒತ್ತುವ ತಿದಿಯನ್ನು ಮಾಡಹೊರಟ ನಮ್ಮನ್ನು ಕಂಡು ದಾರಿಹೋಕರು ನಕ್ಕರೆ ಅದು ಅವರ ತಪ್ಪಲ್ಲ. ಆದರೆ ಆ ಮಹಾಯಂತ್ರವೂ ಈ ತೊಗಲಿನ ಚೀಲವೂ ಮಾಡುವ ಕೆಲಸ ಒಂದೇ. ಬೆಂಕಿಗೆ ಉಸಿರು ಕೊಡುವುದೇ ಆ ಕೆಲಸ. ಆ ಉಸಿರಿನ ಲೆಕ್ಕಾಚಾರವು ಕಾರ್ಖಾನೆಯ ಗೋಡೆಗಳೊಳಗೆ ಕಾಣದು. ತೊಗಲಿನ ತಿದಿಯಲ್ಲಾದರೋ ಕೈಗೇ ತಿಳಿಯುತ್ತದೆ.

ಮೊದಲು ಬೆಂಕಿಯ ಹಸಿವೆಷ್ಟು ಎಂಬುದನ್ನು ನೋಡೋಣ. ಒಂದು ಕಿಲೋಗ್ರಾಂ ಇದ್ದಲು ಪೂರ್ಣವಾಗಿ ಉರಿಯಬೇಕಾದರೆ ಸುಮಾರು ೨.೭ ಕಿಲೋಗ್ರಾಂ ಆಮ್ಲಜನಕ ಬೇಕು. ಗಾಳಿಯಲ್ಲಿ ತೂಕದ ಪ್ರಕಾರ ಆಮ್ಲಜನಕವಿರುವುದು ನಾಲ್ಕರಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಆದ್ದರಿಂದ ಬೇಕಾಗುವ ಗಾಳಿ ಹನ್ನೊಂದು ಕಿಲೋಗ್ರಾಮಿಗೂ ಮಿಕ್ಕು, ಎಂದರೆ ಸುಮಾರು ಹತ್ತು ಘನಮೀಟರು, ಹತ್ತು ಸಾವಿರ ಲೀಟರು. ಬುಟ್ಟಿಯ ತಳ ಮುಚ್ಚುವಷ್ಟು ಇದ್ದಲು ಒಂದು ಸಣ್ಣ ಕೋಣೆಯ ಗಾಳಿಯ ಗಣನೀಯ ಭಾಗವನ್ನು ನುಂಗಿಬಿಡುತ್ತದೆ! ತನ್ನಷ್ಟಕ್ಕೆ ಬಿಟ್ಟ ಕೆಂಡಕ್ಕೆ ಈ ಗಾಳಿ ನಿಧಾನವಾಗಿ ದೊರಕುವುದರಿಂದ ಅದು ಮಂದವಾಗಿ ಕೆಂಪಗೆ ಉರಿದು ಬೂದಿಯಾಗುತ್ತದೆ. ಹುಟ್ಟಿದ ಶಾಖ ಹುಟ್ಟಿದಂತೆಯೇ ಸುತ್ತ ಹರಡಿ ಹೋಗುತ್ತದೆ. ಅದೇ ಇದ್ದಲಿನ ನಡುವೆ ಒಂದೇ ಸ್ಥಳಕ್ಕೆ ಗಾಳಿಯನ್ನು ನೂಕಿದರೆ, ಶಾಖವು ಹರಡುವುದಕ್ಕಿಂತ ವೇಗವಾಗಿ ಹುಟ್ಟಿ, ಕಬ್ಬಿಣವು ಕಿತ್ತಳೆ ಹಳದಿಗೆ ತಿರುಗಿ, ಸುತ್ತಿಗೆಯ ಮಾತು ಕೇಳತೊಡಗುತ್ತದೆ. ಕಬ್ಬಿಣ ಕರಗುವುದು ೧೫೩೮ ಡಿಗ್ರಿ ಸೆಂಟಿಗ್ರೇಡಿನಲ್ಲಿ. ಆದರೆ ಕಮ್ಮಾರನಿಗೆ ಅದು ಕರಗಬೇಕಾಗಿಲ್ಲ. ೧೦೦೦ದಿಂದ ೧೨೦೦ ಡಿಗ್ರಿಯವರೆಗೆ ಕಾದರೆ ಅವನ ಬಹುಪಾಲು ಕೆಲಸಗಳಿಗೆ ಸಾಕು.

ಈ ಸೀಮೆಗೆ ಕಬ್ಬಿಣದ ಕೆಲಸ ಹೊಸದಲ್ಲ. ಹಾವೇರಿ ಜಿಲ್ಲೆಯ ಹಳ್ಳೂರಿನ ಉತ್ಖನನದಲ್ಲಿ ಕ್ರಿಸ್ತಪೂರ್ವ ೧೦೦೦ದ ಸುಮಾರಿನ ಕಬ್ಬಿಣದ ಆಯುಧಗಳು ದೊರೆತುವು. ಫ್ರಾನ್ಸಿಸ್ ಬುಕಾನನ್ ೧೮೦೦-೦೧ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದಾಗ ಹಳ್ಳಿಹಳ್ಳಿಗಳ ಕಬ್ಬಿಣದ ಕುಲುಮೆಗಳನ್ನೂ ಅವುಗಳ ತೊಗಲಿನ ತಿದಿಗಳನ್ನೂ ನಿಂತು ನೋಡಿ ಬರೆದಿಟ್ಟನು. ಸಂಡೂರಿನ ಗುಡ್ಡಗಳಲ್ಲಿಯೂ ಅದಿರನ್ನು ಇದ್ದಲಿನೊಡನೆ ಕಾಯಿಸಿ ಕಬ್ಬಿಣ ತೆಗೆಯುವ ಕಸುಬು ಹತ್ತೊಂಬತ್ತನೆಯ ಶತಮಾನದಲ್ಲಿ ನಡೆದಿತ್ತು. ಹಂಪೆಯ ಮಗ್ಗುಲಿನ ಕಮಲಾಪುರದವರು ಕಬ್ಬಿನ ಹಾಲು ಕಾಯಿಸುವ ಕಬ್ಬಿಣದ ಕೊಪ್ಪರಿಗೆಗಳಿಗೆ ಹೆಸರಾಗಿದ್ದರು. ಹಡಗಿನಲ್ಲಿ ಬಂದ ಇಂಗ್ಲೆಂಡಿನ ಅಗ್ಗದ ಕಬ್ಬಿಣವು ಗುಡ್ಡದ ಕುಲುಮೆಗಳನ್ನು ಆರಿಸಿತು. ಊರಿನ ಕಮ್ಮಾರನ ಕುಲುಮೆ ಮಾತ್ರ ಉಳಿಯಿತು. ಏಕೆಂದರೆ ಕಬ್ಬಿಣ ಎಲ್ಲಿಂದ ಬಂದರೂ ಕುಡವನ್ನು ತಟ್ಟಿಕೊಡುವವನು ಊರಿನಲ್ಲಿಯೇ ಇರಬೇಕು. ಇಲ್ಲಿ ಒಂದು ಎಚ್ಚರಿಕೆಯ ಮಾತು. ಗಾದಿಗನೂರಿನಿಂದ ಪೂರ್ವಕ್ಕೆ ಹೋದರೆ ಕುಡತಿನಿಯ ಬಳಿ ದೊಡ್ಡ ಬೂದಿದಿಬ್ಬವುಂಟು. ಅದರಲ್ಲಿ ಗಾಜಿನಂತೆ ಬೆಂದ ಹೆಂಟೆಗಳನ್ನು ಕಂಡು ಇದು ಹಳೆಯ ಕಮ್ಮಾರರ ಕಿಟ್ಟವೆಂದು ಭ್ರಮಿಸುವವರುಂಟು. ಅದು ಕಿಟ್ಟವಲ್ಲ, ಕಬ್ಬಿಣವನ್ನೇ ಕಾಣದ ನವಶಿಲಾಯುಗದ ದನಗಾಹಿಗಳು ಸುಟ್ಟ ಸಗಣಿಯ ರಾಶಿ.

ನಾವು ಮಾಡಹೊರಟ ತಿದಿಯ ಮಾದರಿ ಮಾತ್ರ ಈ ಸೀಮೆಯದಲ್ಲ; ಉತ್ತರ ಯೂರೋಪಿನ ವೈಕಿಂಗರದು. ಎಂಟರಿಂದ ಹನ್ನೊಂದನೆಯ ಶತಮಾನದವರೆಗೆ ಕಡಲ ಮೇಲೆ ಮೆರೆದ ಈ ಜನರ ಕತ್ತಿ, ಕೊಡಲಿ, ಹಡಗಿನ ಮೊಳೆಗಳೆಲ್ಲ ಸಣ್ಣ ಕುಲುಮೆಗಳಲ್ಲಿಯೇ ಹುಟ್ಟಿದುವು. ಅವರ ಉಪಕರಣಗಳು ಬೇಕಾದಷ್ಟು ದೊರೆತಿವೆ. ೧೯೩೬ರಲ್ಲಿ ಸ್ವೀಡನ್ನಿನ ಗಾಟ್‌ಲೆಂಡ್ ದ್ವೀಪದ ಮೆಸ್ಟರ್‌ಮೀರ್ ಎಂಬ ಜವುಗುನೆಲದಲ್ಲಿ ಉಳುವವನಿಗೆ ಒಂದು ಪೆಟ್ಟಿಗೆ ಸಿಕ್ಕಿತು. ಅದರಲ್ಲಿ ಇಕ್ಕುಳ, ಸುತ್ತಿಗೆ, ಅರ, ಗರಗಸ ಎಲ್ಲವೂ ಇದ್ದುವು, ತಿದಿಯೊಂದಿರಲಿಲ್ಲ. ಮರವೂ ತೊಗಲೂ ಮಣ್ಣಿನಲ್ಲಿ ಕೊಳೆತುಹೋಗುವ ಪದಾರ್ಥಗಳು. ಆದುದರಿಂದ ತಿದಿಯ ರೂಪವನ್ನು ಚಿತ್ರಗಳಿಂದಲೇ ಊಹಿಸಬೇಕಾಗಿದೆ. ಸ್ವೀಡನ್ನಿನ ರಾಮ್‌ಸುಂಡ್ ಬಂಡೆಯ ಮೇಲೆ ಸುಮಾರು ೧೦೩೦ರಲ್ಲಿ ಕೊರೆದ ಚಿತ್ರದಲ್ಲಿ ಕಮ್ಮಾರನ ಇಕ್ಕುಳ ಸುತ್ತಿಗೆಗಳ ಜೊತೆಯಲ್ಲಿ ತಿದಿಯೂ ಇದೆ. ನಾರ್ವೆಯ ಹೈಲೆಸ್ಟಾಡ್ ಎಂಬಲ್ಲಿದ್ದ ಮರದ ಚರ್ಚಿನ ಬಾಗಿಲುವಾಡದಲ್ಲಿ, ಸುಮಾರು ೧೨೦೦ರ ಕೆತ್ತನೆಯಲ್ಲಿ, ಒಬ್ಬನು ಕತ್ತಿಯನ್ನು ತಟ್ಟುತ್ತಿರುವಾಗ ಹಿಂದೆ ಇನ್ನೊಬ್ಬನು ಎರಡು ತಿದಿಗಳ ಹಿಡಿಗಳನ್ನು ಎರಡು ಕೈಗಳಲ್ಲಿ ಹಿಡಿದಿದ್ದಾನೆ.

ನಮ್ಮ ಕಡೆಯ ಹಳೆಯ ತಿದಿಯನ್ನು ಕಂಡವರಿಗೆ ಆ ಕೆತ್ತನೆ ಅಪರಿಚಿತವೆನಿಸದು. ಇಲ್ಲಿಯೂ ತಿದಿಗಳು ಎರಡೇ. ಒಂದು ಉಬ್ಬುವಾಗ ಇನ್ನೊಂದು ಕುಗ್ಗುತ್ತದೆ, ಗಾಳಿ ಕಡಿಯುವುದಿಲ್ಲ. ಆದರೆ ನಮ್ಮವರು ಮೇಕೆಯ ತೊಗಲನ್ನು ಸೀಳದೆ ಇಡಿಯಾಗಿ ಸುಲಿದು ಚೀಲ ಮಾಡಿ, ಅದರ ತೆರೆದ ಬಾಯಿಯ ಎರಡು ತುಟಿಗಳಿಗೂ ಬಿದಿರಿನ ದಬ್ಬೆ ಕಟ್ಟುತ್ತಿದ್ದರು. ಮೇಲೆತ್ತುವಾಗ ಬೆರಳುಗಳಿಂದ ತುಟಿ ತೆರೆಯುವುದು, ಒತ್ತುವಾಗ ಮುಚ್ಚುವುದು. ಒತ್ತುವವನ ಹಸ್ತವೇ ಅದರ ಬಾಗಿಲು. ವೈಕಿಂಗರ ಮಾದರಿಯಲ್ಲಿ ಮೇಲೂ ಕೆಳಗೂ ಹಲಗೆಗಳಿದ್ದು ಬಾಗಿಲು ತನ್ನಷ್ಟಕ್ಕೆ ತೆರೆದು ಮುಚ್ಚಿಕೊಳ್ಳುತ್ತದೆ. ಹೊಸಬನಿಗೆ ಇದು ಸುಲಭ. ಚೀಲದ ತಿದಿಯನ್ನು ಒತ್ತಲು ಒಂದು ವರ್ಷ ಕಲಿಯಬೇಕೆಂದು ಊರಿನ ವೃದ್ಧ ಕಮ್ಮಾರರೊಬ್ಬರು ನಮಗೆ ಹೇಳಿದರು. ಅವರ ವಿಷಯ ಮುಂದೆ ಬರುತ್ತದೆ.

ಹಲಗೆಗೆ ಹಗುರವಾದ, ಒಣಗಿದ ಮಾವು ಒಳ್ಳೆಯದು. ಎರಡು ತಿದಿಗೆ ನಾಲ್ಕು ಹಲಗೆಗಳು. ಪ್ರತಿಯೊಂದೂ ಹದಿನೆಂಟು ಅಂಗುಲ ಉದ್ದ, ಹಿಂದುಗಡೆ ಹನ್ನೆರಡು ಅಂಗುಲ ಅಗಲ, ಮುಂದೆ ಬರಬರುತ್ತ ಕಿರಿದಾಗಿ ಅರಳಿಯ ಎಲೆಯ ತುದಿಯಂತೆ ಚೂಪಾಗಬೇಕು. ತುದಿಯಲ್ಲಿ ಒಂದು ಮರದ ತುಂಡನ್ನು ಕೆಳಹಲಗೆಗೆ ಬಿಗಿದು, ಅದರಲ್ಲಿ ತೂತು ಕೊರೆದು, ಹೆಬ್ಬೆರಳು ಗಾತ್ರದ ಕಬ್ಬಿಣದ ಕೊಳವೆಯನ್ನು ಮೂತಿಯಾಗಿ ಕೂಡಿಸತಕ್ಕದ್ದು. ಮೇಲಿನ ಹಲಗೆಯನ್ನು ಆ ತುಂಡಿಗೆ ದಪ್ಪ ತೊಗಲಿನ ಪಟ್ಟಿಯಿಂದ ಕೀಲು ಹಾಕಿದರೆ ಅದು ಪುಸ್ತಕದ ರಟ್ಟಿನಂತೆ ಏಳುತ್ತದೆ, ಬೀಳುತ್ತದೆ. ಹಿಂದುಗಡೆ ಎಂಟು ಅಂಗುಲಕ್ಕಿಂತ ಹೆಚ್ಚು ತೆರೆಯುವ ಆಶೆ ಬೇಡ. ತೋಳು ಬೇಗ ಸೋಲುತ್ತದೆ.

ಬಾಗಿಲನ್ನು ಯಾವ ಹಲಗೆಗೆ ಇಡಬೇಕು? ನಾವು ಮೊದಲು ಅದನ್ನು ಮೇಲಿನ ಹಲಗೆಗೆ ಇಟ್ಟೆವು, ಧೂಳು ಒಳಗೆ ಹೋಗದಿರಲೆಂದು. ಬಾಗಿಲೆಂದರೆ ಮತ್ತೇನೂ ಅಲ್ಲ, ಎರಡಂಗುಲದ ತೂತಿನ ಮೇಲೆ ಒಳಗಡೆಯಿಂದ ಒಂದೇ ಅಂಚಿನಲ್ಲಿ ಬಿಗಿದ ತೊಗಲಿನ ತುಂಡು. ಮೇಲಿನ ಹಲಗೆಯಲ್ಲಿ ಆ ತುಂಡು ತನ್ನ ಭಾರಕ್ಕೆ ತಾನೇ ಜೋತುಬಿದ್ದು ಸದಾ ತೆರೆದೇ ಇರುತ್ತಿತ್ತು. ಒತ್ತಿದರೆ ಅರ್ಧ ಗಾಳಿ ಬಂದ ದಾರಿಯಲ್ಲೇ ಹಿಂದಿರುಗುತ್ತಿತ್ತು. ಕೆಳಹಲಗೆಯಲ್ಲಿ ಇಟ್ಟರಾದರೋ ಅದೇ ಭಾರವು ಬಾಗಿಲನ್ನು ಮುಚ್ಚುತ್ತದೆ. ಹಲಗೆ ಮೇಲೇಳುವಾಗ ಒಳಗೆ ಒತ್ತಡ ತಗ್ಗಿ ಹೊರಗಾಳಿ ತೊಗಲನ್ನು ಎತ್ತಿಕೊಂಡು ನುಗ್ಗುತ್ತದೆ. ಇಳಿಯುವಾಗ ಒಳಗಾಳಿಯೇ ತೊಗಲನ್ನು ತೂತಿನ ಮೇಲೆ ಅದುಮಿ ಮೂತಿಯಿಂದ ಹೊರಡುತ್ತದೆ. ಧೂಳಿನ ತೊಂದರೆಗೆ ಎರಡು ತಿದಿಗಳನ್ನೂ ಒಂದೇ ಮಣೆಯ ಮೇಲೆ ಬಿಗಿದು, ಮಣೆಯಲ್ಲಿಯೂ ಆ ತೂತುಗಳಿಗೆ ನೇರವಾಗಿ ದಾರಿ ಬಿಟ್ಟು, ಅದನ್ನು ಕಲ್ಲುಗಳ ಮೇಲೆ ಒಂದು ಗೇಣು ಎತ್ತರಕ್ಕೆ ನಿಲ್ಲಿಸಿದರೆ ಸಾಕು.

ಇನ್ನು ತೊಗಲು. ತಂಗಡಿಯ ತೊಗಟೆಯಲ್ಲಿ ಹದಮಾಡಿದ ಮೇಕೆಯ ತೊಗಲು ಇದಕ್ಕೆ ಶ್ರೇಷ್ಠ; ಅದು ತೆಳ್ಳಗೆ ಮೆತ್ತಗಿದ್ದು ಸಾವಿರಾರು ಮಡಿಕೆಗಳನ್ನು ತಾಳುತ್ತದೆ. ಹಿಂದಿನ ಊರಿನ ಆಯಗಾರರಲ್ಲಿ ಕಮ್ಮಾರನೂ ಇದ್ದನು, ತೊಗಲಿನ ಕೆಲಸದವನೂ ಇದ್ದನು. ಸುಗ್ಗಿಯ ಕಣದಲ್ಲಿ ಇಬ್ಬರಿಗೂ ಕಾಳು ಅಳೆದು ಕೊಡುತ್ತಿದ್ದರು. ಮುಟ್ಟು ಮೈಲಿಗೆಯ ಮಾತುಗಳಿಂದ ಊರು ಯಾರನ್ನು ಹೊರಗಿಟ್ಟಿತೋ ಅವರ ಕೈಯ ಹದವಿಲ್ಲದೆ ಊರೊಳಗಿನ ಕುಲುಮೆಗೆ ಉಸಿರಿರಲಿಲ್ಲ. ಇದನ್ನು ಹೇಳದೆ ಬಿಟ್ಟು ಕಮ್ಮಾರಿಕೆಯ ಹಿರಿಮೆಯನ್ನು ಮಾತ್ರ ಹೊಗಳುವುದು ಸರಿಯಲ್ಲವೆಂದು ನಮ್ಮ ಅಭಿಪ್ರಾಯ.

ತೊಗಲನ್ನು ಕತ್ತರಿಸುವ ಮೊದಲು ಗೋಣಿತಟ್ಟಿನಲ್ಲಿ ಒಂದು ಅಚ್ಚು ಕತ್ತರಿಸಿ ಹಲಗೆಗಳ ಸುತ್ತ ಹಿಡಿದು ನೋಡಬೇಕು. ನಾವು ಈ ಬುದ್ಧಿಯನ್ನು ಒಂದು ತೊಗಲು ಕೆಡಿಸಿದ ಮೇಲೆ ಕಲಿತೆವು. ಪಟ್ಟಿಯು ಹಿಂದೆ ಹತ್ತಂಗುಲ ಅಗಲವಾಗಿದ್ದು ಮೂತಿಯ ಕಡೆಗೆ ಎರಡಂಗುಲಕ್ಕೆ ಇಳಿಯಲಿ. ತೊಗಲನ್ನು ನೆನಸಿ, ಹಿಂಡಿ, ಹಸಿಯಾಗಿರುವಾಗಲೇ ಹಲಗೆಯ ಅಂಚಿಗೆ ಹಿಡಿದು, ಮೇಲೊಂದು ತೊಗಲಿನ ದಾರಪಟ್ಟಿಯಿಟ್ಟು ಅದರ ಮೂಲಕ ಮೊಳೆ ಹೊಡೆಯಬೇಕು. ಬರಿಯ ತೊಗಲಿಗೆ ಹೊಡೆದ ಮೊಳೆ ನಾಲ್ಕು ದಿನದಲ್ಲಿ ಅದನ್ನು ಹರಿಯುತ್ತದೆ. ಒಣಗಿದ ಮೇಲೆ ಹೊಂಗೆ ಎಣ್ಣೆ ತಿಕ್ಕುವುದು, ಮೊಳೆಸಾಲಿಗೆ ಜೇನುಮೇಣ ಕರಗಿಸಿ ಹಚ್ಚುವುದು. ಸೋರಿಕೆ ಕಂಡುಹಿಡಿಯಲು ಊದುಬತ್ತಿ ಸಾಕು. ಮೂತಿಯನ್ನು ಹೆಬ್ಬೆರಳಿನಿಂದ ಮುಚ್ಚಿ ಹಲಗೆಯನ್ನು ಒತ್ತುತ್ತ ಅಂಚಿನ ಸುತ್ತ ಹೊಗೆಯನ್ನು ಹಿಡಿದರೆ, ಎಲ್ಲಿ ಹೊಗೆ ಬೆದರುವುದೋ ಅಲ್ಲಿ ತೂತು.

ಗಣಿತದ ಪ್ರಕಾರ ಈ ಅಳತೆಯ ತಿದಿ ಒಂದೊಂದು ಒತ್ತಿಗೆ ಹತ್ತು ಲೀಟರು ಗಾಳಿ ಕೊಡಬೇಕು. ತೊಗಲು ಒಳಕ್ಕೆ ಮಡಚಿಕೊಳ್ಳುವುದರಿಂದಲೂ, ಯಾರೂ ಪೂರಾ ಎತ್ತಿ ಪೂರಾ ಇಳಿಸುವುದಿಲ್ಲವಾದ್ದರಿಂದಲೂ ಕೈಗೆ ಬರುವುದು ಅದರ ಅರ್ಧ. ಐದು ಲೀಟರಿನ ಒತ್ತು ನಿಮಿಷಕ್ಕೆ ನಲವತ್ತಾದರೆ ಇನ್ನೂರು ಲೀಟರು; ಗಂಟೆಗೆ ಹನ್ನೆರಡು ಸಾವಿರ ಲೀಟರು. ಮೇಲೆ ಹೇಳಿದ ಲೆಕ್ಕದಂತೆ ಅದು ಒಂದು ಕಿಲೋಗ್ರಾಮಿಗೆ ತುಸು ಹೆಚ್ಚು ಇದ್ದಲನ್ನು ಉರಿಸಬಲ್ಲದು. ಸಣ್ಣ ಕುಲುಮೆಗೆ ಇದೇ ಬೇಕಾದದ್ದು. ಆದರೆ ಗಂಟೆಗೆ ಎರಡು ಸಾವಿರದ ನಾನೂರು ಒತ್ತುಗಳು!

ಹೊಂಚಿಟ್ಟ ತಪ್ಪು ನಮ್ಮನ್ನು ಹಿಡಿದದ್ದು ಇದರ ಮೇಲೆ. ಗಾಳಿ ಒಂದಿಷ್ಟೂ ನಷ್ಟವಾಗಬಾರದೆಂದು ನಾವು ಎರಡು ಮೂತಿಗಳನ್ನೂ ಒಂದು ಕವಲು ಕೊಳವೆಗೆ ಸೇರಿಸಿ, ಅದನ್ನು ಕುಲುಮೆಯ ಮಣ್ಣಿನ ಗೋಡೆಗೆ ಸಂದಿಲ್ಲದಂತೆ ಮೆತ್ತಿದೆವು. ಕೆಂಡ ಹತ್ತಿತು; ನಾವು ಹಿಗ್ಗಿದೆವು. ಹತ್ತು ನಿಮಿಷಗಳಲ್ಲಿ ಸುಟ್ಟ ತೊಗಲಿನ ನಾತ ಬಂತು. ಬಿಚ್ಚಿ ನೋಡಿದರೆ ಎಡಗಡೆಯ ತಿದಿಯ ಒಳಗೆ ಕೆಂಡದ ಕಿಡಿ; ಬಾಗಿಲಿನ ತೊಗಲು ಮುರುಟಿ ಕರಿಯಾಗಿತ್ತು. ಎತ್ತಿದ ತಿದಿಗೆ ಬಾಗಿಲಿನಿಂದ ಗಾಳಿ ಬರಬೇಕಾದ್ದು ನಿಜ. ಆದರೆ ಮೂತಿಯೂ ತೆರೆದೇ ಇರುವುದರಿಂದ ಅಲ್ಲಿಂದಲೂ ಅದು ಸೆಳೆಯುತ್ತದೆ. ಬಿಗಿದ ಕೊಳವೆಯ ಆಚೆ ತುದಿಯಲ್ಲಿ ಇದ್ದದ್ದು ಬೆಂಕಿ. ಅಲ್ಲದೆ ಕವಲು ಕೊಳವೆಯಲ್ಲಿ ಒಂದು ತಿದಿ ಊದಿದ ಗಾಳಿಯಲ್ಲಿ ಒಂದು ಪಾಲನ್ನು ಇನ್ನೊಂದು ತಿದಿ ಕುಡಿದುಬಿಡುತ್ತಿತ್ತು.

ಆ ವೃದ್ಧ ಕಮ್ಮಾರರು ಅಷ್ಟು ಹೊತ್ತೂ ಕಟ್ಟೆಯ ಮೇಲೆ ಕುಳಿತು ನೋಡುತ್ತಿದ್ದರು. ನಾವು ಹೋಗಿ, “ಯಜಮಾನರೇ, ತಪ್ಪು ಎಲ್ಲಿ?” ಎಂದು ಕೇಳಿದೆವು. ಅವರು ನಕ್ಕು, “ಮೂತಿ ಬೆಂಕಿಗಿ ಮುಟ್ಟಬಾರದ್ರೀ. ಎರಡು ಬೆರಳು ದೂರ ಇಡ್ರಿ. ಗಾಳಿ ತಾನ ದಾರಿ ಹಿಡಕೊಂಡು ಹೊಕ್ಕತಿ” ಎಂದರು.

ಶಾಲೆಯ ಪುಸ್ತಕವನ್ನು ಓದಿದ ನಮಗೆ ಇದು ವಿಚಿತ್ರವಾಗಿ ಕಂಡಿತು. ಸಂದು ಬಿಟ್ಟರೆ ಗಾಳಿ ಪೋಲಾಗದೆ? ಆಗುವುದಿಲ್ಲ. ಇದನ್ನು ಶ್ರೋತೃಗಳು ಮನೆಯಲ್ಲಿಯೇ ಪರೀಕ್ಷಿಸಬಹುದು. ಒಂದು ಗೇಣು ದೂರದಲ್ಲಿರುವ ದೀಪವನ್ನು ಬಾಯಿಂದ ಊದಿದರೆ ಅದು ಆರುತ್ತದೆ. ಅಷ್ಟೇ ದೂರದಿಂದ, ಅಷ್ಟೇ ಜೋರಾಗಿ ಉಸಿರನ್ನು ಒಳಕ್ಕೆ ಎಳೆದುಕೊಂಡರೆ ಆರುವುದಿಲ್ಲ. ಹೊರಡುವ ಗಾಳಿ ಕೋಲಿನಂತೆ ನೆಟ್ಟಗೆ ಹೋಗುತ್ತದೆ. ಒಳಬರುವ ಗಾಳಿ ಎಲ್ಲ ದಿಕ್ಕುಗಳಿಂದಲೂ ಸ್ವಲ್ಪಸ್ವಲ್ಪವಾಗಿ ಬರುತ್ತದೆ. ಆದ್ದರಿಂದ ಮೂತಿಯ ಮುಂದೆ ಎರಡು ಬೆರಳು ಸಂದಿದ್ದರೆ, ಊದುವಾಗ ಗಾಳಿಯು ಸಂದನ್ನು ದಾಟಿ ಕುಲುಮೆಯ ರಂಧ್ರದೊಳಕ್ಕೆ ಹೊಗುತ್ತದೆ, ಪಕ್ಕದ ಗಾಳಿಯನ್ನೂ ತನ್ನೊಡನೆ ಎಳೆದುಕೊಂಡು; ಸೆಳೆಯುವಾಗ ತಿದಿಗೆ ಸಂದಿನ ತಂಪುಗಾಳಿಯೇ ಸಿಕ್ಕುವುದರಿಂದ ಬೆಂಕಿಯ ಗೊಡವೆಯಿಲ್ಲ. ಎರಡು ಮೂತಿಗಳೂ ಬೇರೆಬೇರೆಯಾಗಿ ಒಂದೇ ರಂಧ್ರಕ್ಕೆ ಗುರಿಯಿಟ್ಟಿರಬೇಕು, ರಂಧ್ರದ ಹೊರಬಾಯಿ ಆಲಿಕೆಯಂತೆ ಅಗಲವಾಗಿರಬೇಕು. ಕವಲು ಕೊಳವೆಯನ್ನು ಕಿತ್ತೆಸೆದು ಹೀಗೆ ಮಾಡಿದ ಮೇಲೆ ಕೆಂಡದ ಬಣ್ಣವೇ ಬೇರೆಯಾಯಿತು.

ಮೂತಿಗೂ ಬೆಂಕಿಗೂ ನಡುವೆ ನಿಲ್ಲುವ ಅಡ್ಡಗಲ್ಲಿನ ಕಥೆಯೂ ಸ್ವಾರಸ್ಯವಾದದ್ದು. ಡೆನ್ಮಾರ್ಕಿನ ಸ್ನಾಪ್ಟುನ್ ಕಡಲತೀರದಲ್ಲಿ ೧೯೫೦ರಲ್ಲಿ ಅಂತಹ ಒಂದು ಕಲ್ಲು ದೊರೆಯಿತು. ಕ್ರಿಸ್ತಶಕ ೧೦೦೦ದ ಸುಮಾರಿನದು. ಕೆಳಗೆ ತಿದಿಯ ಗಾಳಿಗೆ ರಂಧ್ರ, ಮೇಲೆ ಮೀಸೆ ಹೊತ್ತ ಒಂದು ಮುಖ, ತುಟಿಗಳಿಗೆ ಹೊಲಿಗೆಯ ಗುರುತು. ತುಟಿ ಹೊಲಿಸಿಕೊಂಡ ತಂಟೆಕೋರ ದೇವತೆ ಲೋಕಿಯೇ ಇವನೆಂದು ವಿದ್ವಾಂಸರು ಹೇಳುತ್ತಾರೆ. ಆ ಕಲ್ಲು ಬೇರೆ ಯಾವುದೂ ಅಲ್ಲ, ನಮ್ಮ ಹೊಯ್ಸಳ ಶಿಲ್ಪಿಗಳು ಬೇಲೂರು ಹಳೇಬೀಡುಗಳಲ್ಲಿ ಕಡೆದ ಬಳಪದ ಕಲ್ಲಿನ ಜಾತಿಯದೇ. ಮೆತ್ತಗೆ ಕೆತ್ತಬಹುದು, ಬೆಂಕಿಗೆ ಬಿರಿಯದು. ನಮಗೆ ಕಲ್ಲು ಕೆತ್ತುವ ಸಾಮರ್ಥ್ಯವಿಲ್ಲದ್ದರಿಂದ ಹುತ್ತದ ಮಣ್ಣಿಗೆ ಭತ್ತದ ಹೊಟ್ಟು ಕಲಸಿ, ನಾಲ್ಕಂಗುಲ ದಪ್ಪದ ಗೋಡೆ ಕಟ್ಟಿ, ಹಸಿಯಿರುವಾಗಲೇ ಒಂದು ಕೋಲು ತೂರಿಸಿ ರಂಧ್ರ ಮಾಡಿದೆವು. ಹೊಟ್ಟು ಸುಟ್ಟುಹೋಗಿ ಉಳಿಯುವ ಸಣ್ಣ ಸಂದುಗಳು ಮಣ್ಣು ಒಡೆಯದಂತೆ ಕಾಯುತ್ತವೆ. ಹೊಟ್ಟಿಗೆ ಕಂಪ್ಲಿ ಹೊಸಪೇಟೆಗಳ ಗದ್ದೆಸೀಮೆಯಲ್ಲಿ ಕೊರತೆಯೇ?

ಇದ್ದಲಿನದೂ ಹಾಗೆಯೇ. ಮಧ್ಯ ಅಮೆರಿಕೆಯ ಕಡೆಯಿಂದ ಬಂದು ಈ ಸೀಮೆಯನ್ನೆಲ್ಲ ಆಕ್ರಮಿಸಿ, ಕೊನೆಗೆ ಬಳ್ಳಾರಿ ಜಾಲಿಯೆಂಬ ಹೆಸರನ್ನೇ ಪಡೆದ ಮುಳ್ಳುಗಿಡದ ಇದ್ದಲು ಗಟ್ಟಿಯಾದದ್ದು, ನಿಧಾನವಾಗಿ ಉರಿಯತಕ್ಕದ್ದು. ಅಡಕೆಗಿಂತ ಸ್ವಲ್ಪ ದೊಡ್ಡದಾಗಿ ಒಡೆದುಕೊಂಡರೆ ಸರಿ. ಬಯಲಿನಲ್ಲಿ ಕುಲುಮೆ ಹೂಡುವವರು ಗಾಳಿಗೆ ಬೆನ್ನುಕೊಟ್ಟು ತಿದಿಯನ್ನು ಇಡಬೇಕು, ಇಲ್ಲವಾದರೆ ಕಿಡಿಗಳು ತೊಗಲಿನ ಮೇಲೆಯೇ ಬೀಳುತ್ತವೆ. ಸುತ್ತಣ ಒಣಹುಲ್ಲನ್ನು ಕೆತ್ತಿ ತೆಗೆದು ಎರಡು ಕೊಡ ನೀರು ಇಟ್ಟುಕೊಳ್ಳುವುದು ಅತ್ಯಾವಶ್ಯಕ. ನಡುಹಗಲಿನ ಬಿಸಿಲಿನಲ್ಲಿ ಕಬ್ಬಿಣದ ಬಣ್ಣ ತಿಳಿಯುವುದಿಲ್ಲ; ಹಳದಿಗೆ ಬಂದದ್ದೂ ಮಂಕಾದ ಕೆಂಪಿನಂತೆ ತೋರಿ, ಇನ್ನೂ ಕಾಯಿಸುತ್ತ ಹೋದರೆ ಕಂಬಿಯ ತುದಿ ಮತಾಪಿನಂತೆ ಕಿಡಿಕಾರಿ ಸುಟ್ಟುಹೋಗುತ್ತದೆ. ಕಮ್ಮಾರಸಾಲೆಗಳು ಕತ್ತಲಾಗಿರುವುದು ಬಡತನದಿಂದ ಮಾತ್ರವಲ್ಲ.

ಸಂಜೆಯ ಮಬ್ಬಿನಲ್ಲಿ ನಾವು ಒಂದು ಕಂಬಿಯನ್ನು ಕಾಯಿಸಿ ಬಾವಿಯ ಕೊಡಕ್ಕೆ ಕೊಂಡಿ ಮಾಡುವ ಯತ್ನಕ್ಕೆ ಕೈಹಾಕಿದೆವು. ಅರ್ಧ ಗಂಟೆಯಲ್ಲಿ ನಮ್ಮಲ್ಲಿ ಮೂವರ ತೋಳುಗಳು ಸೋತುವು. ದಣಿದವನು ಮೊದಲು ಮಾಡುವ ತಪ್ಪೆಂದರೆ ಜೋರಾಗಿ ಒತ್ತಿ ಸ್ವಲ್ಪ ನಿಲ್ಲಿಸುವುದು. ಆ ನಿಲುಗಡೆಯಲ್ಲಿ ಕೆಂಡ ತಣಿಯುತ್ತದೆ. ಜೋರಿನಲ್ಲಿ ಕಬ್ಬಿಣದ ಮೇಲೆ ಬೇಡದ ಗಾಳಿ ಬಿದ್ದು ಪೊರೆಗಟ್ಟುತ್ತದೆ. ಯಜಮಾನರು ಎದ್ದು ಬಂದು, “ಸರೀರಿ” ಎಂದು ನಮ್ಮನ್ನು ಸರಿಸಿ, ಎರಡು ಹಿಡಿಗಳನ್ನೂ ಹಿಡಿದು ಕುಳಿತರು. ಅವರ ಕೈಯಲ್ಲಿ ಜೋರೆಂಬುದೇ ಇರಲಿಲ್ಲ. ಒಂದು ಪೂರ್ತಿ ಇಳಿಯುವ ಮೊದಲೇ ಇನ್ನೊಂದು ಇಳಿಯತೊಡಗುತ್ತಿತ್ತು. ಎರಡು ಉಸಿರುಗಳು ಒಂದರ ಮೇಲೊಂದು ತುಸು ಹಾಯುತ್ತಿದ್ದುವು. ಬೆಂಕಿಯ ಸದ್ದು ಏರಲೂ ಇಲ್ಲ, ಇಳಿಯಲೂ ಇಲ್ಲ. ಅವರು ಬೆಂಕಿಯನ್ನು ನೋಡುತ್ತಲೂ ಇರಲಿಲ್ಲ, ಸದ್ದನ್ನು ಕೇಳುತ್ತಿದ್ದರು.

ಎಲ್ಲಿ ಕಲಿತಿರೆಂದು ಕೇಳಿದ್ದಕ್ಕೆ, ಏಳು ವರ್ಷದವರಾಗಿದ್ದಾಗಿನಿಂದ ತಾಯಿಯೊಡನೆ ಸರದಿಯ ಮೇಲೆ ತಿದಿಯೊತ್ತುತ್ತಿದ್ದರೆಂದೂ, ಶಾಲೆಯ ಗಂಟೆ ಕುಲುಮೆಗೆ ಕೇಳಿಸುತ್ತಿತ್ತೆಂದೂ ಹೇಳಿದರು. ಕೇಳಿಸುತ್ತಿತ್ತು, ಅಷ್ಟೇ. ವಿದ್ಯುತ್ತಿನ ಬೀಸಣಿಗೆ ಬಂದ ದಿನ ತಾಯಿ ಆ ಹಳೆಯ ತಿದಿಯನ್ನು ತಾವೇ ಎತ್ತಿ ಹಿತ್ತಲಿಗೆ ಹಾಕಿದರಂತೆ. ನಾವು ಕಳೆದುಹೋದ ವಿದ್ಯೆಯೆಂದು ಹಲುಬುತ್ತ ಬಂದಿದ್ದೆವು. ತಿದಿಯೊತ್ತಿದವರ ಮನೆಯಲ್ಲಿ ಅದು ಹೋದದ್ದು ಹಬ್ಬವಾಗಿತ್ತು. ಆದರೂ ನಮಗೆ ಕೊಂಡಿ ಆಗುವವರೆಗೆ ಅವರು ಹಿಡಿಯನ್ನು ಬಿಡಲಿಲ್ಲ. ಹಿರಿಯರಿಗೆ ಆಯಾಸವಾದೀತೆಂದು ನಾವು ಹೇಳಿದರೆ, “ಇರ್ಲಿ ಬಿಡ್ರೀ, ಈಗ ಯಾರೂ ಒತ್ತು ಅನ್ನೋರಿಲ್ಲ” ಎಂದರು.

ಕೆಲಸ ಮುಗಿದ ಮೇಲೆ ತಿದಿಯನ್ನು ಮಡಚಿ ಇಡಬಾರದು. ಬಳ್ಳಾರಿಯ ಬೇಸಗೆಯಲ್ಲಿ ಮಡಿಕೆಯ ಗೆರೆಯಲ್ಲಿಯೇ ತೊಗಲು ಬಿರಿಯುತ್ತದೆ. ಹಲಗೆಗಳ ನಡುವೆ ಒಂದು ಕಡ್ಡಿ ಕೊಟ್ಟು ಅರ್ಧ ತೆರೆದಂತೆ, ಇಲಿಗೆ ಎಟುಕದ ಎತ್ತರದಲ್ಲಿ ತೂಗುಹಾಕಬೇಕು. ತಿಂಗಳಿಗೊಮ್ಮೆ ಹೊಂಗೆ ಎಣ್ಣೆ ಸಾಕು. ಬೇಸಗೆಯಲ್ಲಿ ಎರಡು ಬಾರಿಯಾದರೆ ಮೇಲು. ನಮ್ಮ ತಿದಿಗಳು ಈಗ ಆ ಯಜಮಾನರ ಪಡಸಾಲೆಯ ಜಂತಿಯಲ್ಲಿವೆ. ಎಣ್ಣೆ ಹಚ್ಚುವ ಕೆಲಸವನ್ನು ಶಾಲೆಯಿಂದ ಬಂದ ಮೇಲೆ ಅವರ ಮೊಮ್ಮಗಳು ಮಾಡುತ್ತಾಳೆ.